ಸ್ವೀಕೃತಿ ಪತ್ರ ಕೇಳಿ ಪಡೆಯಿರಿ

ಪ್ರಶ್ನೆ: ಕಚೇರಿಯೊಂದಕ್ಕೆ ಕೊಟ್ಟ ಅರ್ಜಿ ಗಡುವು ಮೀರಿದರೂ ಇತ್ಯರ್ಥವಾಗಿಲ್ಲ, ಹೋದಾಗಲೆಲ್ಲ ‘ನಾಳೆ ಬನ್ನಿ’ ಎನ್ನುತ್ತಾರೆ. ಯಾರನ್ನು ಕೇಳಬೇಕು?
– ಓದುಗರೊಬ್ಬರು, ಮಲ್ಪೆ, ಉಡುಪಿ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಅರ್ಜಿಯು, ಸರ್ಕಾರಿ ಸೇವೆಗಳನ್ನು ನಿಗದಿತ ಅವಧಿಯೊಳಗೆ ಕೊಡಬೇಕೆನ್ನುವ ಕರ್ನಾಟಕದ 2011ರ ಸಕಾಲ ಕಾಯ್ದೆಯ ವ್ಯಾಪ್ತಿಯ ಸೇವೆಗೆ ಸಂಬಂಧಿಸಿದ್ದರೆ ನಿಮಗೆ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿ ಪತ್ರ ಸಿಗಲೇಬೇಕು. ಗಡುವು ಮೀರಿದಾಗ ಆ ಸಂಖ್ಯೆಯನ್ನು ಆಧರಿಸಿ ಸಕ್ಷಮ ಅಧಿಕಾರಿಗೆ, ಅಲ್ಲಿಯೂ ಪರಿಹಾರ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದು. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವಿದ್ದು, ಅದನ್ನು ತಪ್ಪಿತಸ್ಥ ಸಿಬ್ಬಂದಿಯಿಂದಲೇ ವಸೂಲಿ ಮಾಡಲು ಅವಕಾಶವಿದೆ. ಮೊತ್ತ ಚಿಕ್ಕದೆಂದು (ಅದು ಚಿಕ್ಕದೇ ಹೌದು) ಕೈಬಿಡಬೇಡಿ. ವಿಳಂಬಕ್ಕೆ ಹೊಣೆ ಯಾರೆಂಬುದು ಲಿಖಿತವಾಗಿ ದಾಖಲಾಗುವುದೇ ನನ್ನ ದೃಷ್ಟಿಯಲ್ಲಿ ಈ ಕಾಯ್ದೆಯ ನಿಜವಾದ ಬಲ.