ಗಡಿಯಾರದ ಬೆನ್ನು ತಿರುಗಿಸಿ ನೋಡಿ

ನಮಸ್ಕಾರ.

ಫ್ರಾನ್ಸಿನ ಹಳೆಯ ಕ್ಯಾರೇಜ್ ಗಡಿಯಾರಗಳ, ಅಂದರೆ ಪ್ರಯಾಣದಲ್ಲಿ ಜೊತೆಗೊಯ್ಯುತ್ತಿದ್ದ ಪುಟ್ಟ ಗಡಿಯಾರಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೂರನೇ ಪುಟದಲ್ಲಿ ಒಂದು ಪ್ಯಾರಾ ಇದೆ. ರಾತ್ರಿ ಕತ್ತಲಲ್ಲಿ ಗಡಿಯಾರದ ನೆತ್ತಿಯ ಮೇಲಿನ ಗುಂಡಿ ಒತ್ತುತ್ತೀರಿ, ಅದು ಹಿಂದಿನ ಗಂಟೆಯನ್ನು ಮತ್ತೊಮ್ಮೆ ಬಾರಿಸುತ್ತದೆ. ದೀಪ ಹಚ್ಚದೆ ಹೊತ್ತು ತಿಳಿಯುತ್ತದೆ. ಅಲ್ಲಿ ನೀವು ಕೈಯಾರೆ ಮುಟ್ಟಿದ್ದನ್ನು ಬರೆದಿದ್ದೀರಿ. ಉಳಿದ ಕಡೆ ಸುಮ್ನೆ ‘ಅದ್ಭುತ’, ‘ಅಪೂರ್ವ’ ಅನ್ನುತ್ತಾ ಹೋಗಿದ್ದೀರಿ. ಆ ಪದಗಳನ್ನೆಲ್ಲ ತೆಗೆದುಬಿಡಿ.

ನೆಪೋಲಿಯನ್‌ಗೆ ಎರಡು ಪುಟ ಜಾಸ್ತಿಯಾಯಿತು. 1798ರಲ್ಲಿ ಈಜಿಪ್ಟಿಗೆ ಹೊರಡುವ ಮೊದಲು ಅವನು ಗಡಿಯಾರ ತಯಾರಕ ಅಬ್ರಹಾಂ ಲೂಯಿ ಬ್ರೆಗೆಯಿಂದ ಪ್ರಯಾಣದ ಗಡಿಯಾರ ಕೊಂಡದ್ದು ನಿಜ. ಅದಕ್ಕೆ ನಾಲ್ಕು ಸಾಲು ಸಾಕು. ಬ್ರೆಗೆ ಮಾಡಿದ್ದು ಕೆಲವೇ ಕೆಲವು, ಅದೂ ದೊಡ್ಡವರಿಗಾಗಿ. ಅದೇ ಬಗೆಯ ಗಡಿಯಾರವನ್ನು ಸರಳಗೊಳಿಸಿ, 1830ರ ಹೊತ್ತಿಗೆ ಹೆಚ್ಚು ಸಂಖ್ಯೆಯಲ್ಲಿ ಮಾಡಲು ದಾರಿ ತೋರಿದವನು ಪ್ಯಾರಿಸ್ಸಿನ ಪಾಲ್ ಗಾರ್ನಿಯೆ. ಅವನಿಗೆ ನೀವು ಕೊಟ್ಟಿರುವುದು ಅರ್ಧ ಸಾಲು!

‘ಲೋಲಕದ ಇಂಪಾದ ತೂಗಾಟ’ ಎಂದು ಬರೆದಿದ್ದೀರಿ. ಇದರಲ್ಲಿ ಲೋಲಕವೇ ಇಲ್ಲ. ಕುಲುಕಾಡುವ ಗಾಡಿಯಲ್ಲಿ ಲೋಲಕ ಹೇಗೆ ನಡೆದೀತು? ಅದಕ್ಕೇ ಕೈಗಡಿಯಾರದಲ್ಲಿರುವಂತೆ ಬ್ಯಾಲೆನ್ಸ್ ಚಕ್ರ, ಕೂದಲೆಳೆಯಂಥ ಸ್ಪ್ರಿಂಗ್ ಇಟ್ಟರು. ಮೇಲಿನ ಗಾಜಿನ ಕಿಂಡಿಯಲ್ಲಿ ಇಣುಕಿದರೆ ಆ ಚಕ್ರ ಅತ್ತಿತ್ತ ತಿರುಗುವುದು ಕಾಣುತ್ತದೆ. ಒಮ್ಮೆ ನೋಡಿ ಬರೆಯಿರಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಡಯಲ್ ಮೇಲೆ ಲಂಡನ್ನಿನ ಅಂಗಡಿಯ ಹೆಸರು ನೋಡಿ, ಅವರೇ ತಯಾರಕರು ಎಂದುಕೊಂಡಿದ್ದೀರಿ. ಈ ಗಡಿಯಾರಗಳ ಡಯಲ್ ಮೇಲೆ ಸಾಮಾನ್ಯವಾಗಿ ಇರುತ್ತಿದ್ದದ್ದು ಮಾರಿದವರ ಹೆಸರು. ಮಾಡಿದವರ ಗುರುತು ಬೇಕಿದ್ದರೆ ಬೆನ್ನು ತಿರುಗಿಸಬೇಕು. ಹಿಂದಿನ ಹಿತ್ತಾಳೆ ತಗಡಿನ ಮೇಲೆ ಪುಟ್ಟ ಮುದ್ರೆ ಇರುತ್ತದೆ. ಎಚ್ ಮತ್ತು ಜೆ ಅಕ್ಷರಗಳ ಜೊತೆ ಗಿಳಿ ಇದ್ದರೆ ಆನ್ರಿ ಜಾಕೊ. ಎ, ಎಂ ಜೊತೆ ಜೇನುಗೂಡು ಇದ್ದರೆ ಮಾರ್ಗೆನ್. ಡಿ, ಸಿ ನಡುವೆ ಒಂದು ಚಿಕ್ಕ ಗಡಿಯಾರವಿದ್ದರೆ ದ್ರೊಕೂರ್. ಎಷ್ಟೋ ಗಡಿಯಾರಗಳಲ್ಲಿ ಯಾವ ಗುರುತೂ ಇರುವುದಿಲ್ಲ. ಹಾಗಿದ್ದಾಗ ಹಾಗೆಂದೇ ಬರೆಯಿರಿ, ಹೆಸರು ಅಂಟಿಸಬೇಡಿ.

ನಾನು ಓದಬೇಕೆಂದಿದ್ದ ಊರು ಲೇಖನದಲ್ಲಿ ಬರಲೇ ಇಲ್ಲ. ನಾರ್ಮಂಡಿಯಲ್ಲಿ, ದಿಯೆಪ್ ಬಂದರಿನ ಹತ್ತಿರ, ಸ್ಯಾಂ ನಿಕೊಲಾ ದಾಲ್ಯೆರ್ಮಾಂ ಎಂಬ ಊರಿದೆ. ಊರಿಗೆ ಊರೇ ಗಡಿಯಾರದ ಕೆಲಸದಲ್ಲಿ ಬದುಕಿತ್ತು. ಅಲ್ಲಿ ಒಳಯಂತ್ರವನ್ನು ಒರಟಾಗಿ ಜೋಡಿಸುತ್ತಿದ್ದರು. ಚಕ್ರಗಳು ತಿರುಗುತ್ತಿದ್ದವು, ಆದರೆ ನಯಗೆಲಸ ಆಗಿರುತ್ತಿರಲಿಲ್ಲ. ಅದನ್ನು ‘ಬ್ಲಾಂ ರೂಲಾಂ’ ಎನ್ನುತ್ತಿದ್ದರು. ಅಂಥವು ಪ್ಯಾರಿಸ್ಸಿಗೆ ಹೋಗಿ, ಪೂರ್ತಿಯಾಗಿ, ಪೆಟ್ಟಿಗೆ ಸೇರುತ್ತಿದ್ದವು. ದ್ರೊಕೂರ್ ಮನೆತನಕ್ಕೆ ಪ್ಯಾರಿಸ್ಸಿನಲ್ಲೂ ಈ ಊರಿನಲ್ಲೂ ಕೆಲಸವಿತ್ತು. ಅಂದರೆ ಒಂದೇ ಗಡಿಯಾರದಲ್ಲಿ ಹಳ್ಳಿಯ ಒಳಯಂತ್ರ, ಪ್ಯಾರಿಸ್ಸಿನ ಪಾಲಿಶ್, ಲಂಡನ್ನಿನ ಹೆಸರು. ನಿಮ್ಮ ಕಥೆ ಇದೇ ಅಲ್ವಾ? ಈಗಲೂ ಅಲ್ಲಿ ಗಡಿಯಾರಗಳ ವಸ್ತುಸಂಗ್ರಹಾಲಯ ಇದೆ.

ಪೆಟ್ಟಿಗೆಯ ಮಾದರಿಗಳ ಪಟ್ಟಿ ಬೇಡ. ನೀವು ನೋಡಿದ ಒಂದೇ ಗಡಿಯಾರ ಹಿಡಿದುಕೊಳ್ಳಿ. ಅದರ ಚರ್ಮದ ಪ್ರಯಾಣದ ಡಬ್ಬಿ ಉಳಿದಿದ್ದರೆ, ಅದು ಎಲ್ಲಿ ಸವೆದಿದೆ ಎಂದು ಹೇಳಿ. ಕೀಲಿ ಕೊಡುವಾಗ ಬೆರಳಿಗೆ ಹೇಗೆ ಅನಿಸುತ್ತದೆ ಎಂದು ಹೇಳಿ. ಆಮೇಲೆ ಹಿಂಬದಿ ತಿರುಗಿಸಿ, ಮುದ್ರೆಯಿಂದ ಆ ಊರಿಗೆ ಕರೆದುಕೊಂಡು ಹೋಗಿ.

ಹೊಸ ಪ್ರತಿಯನ್ನು ನನಗೇ ಕಳಿಸಿ. ಗುಂಡಿ ಒತ್ತುವ ಆ ಪ್ಯಾರಾದಲ್ಲಿ ಮಾತ್ರ ಒಂದು ಪದವನ್ನೂ ಬದಲಿಸಬೇಡಿ.