ಗಂಟೆಯ ಕೂಲಿ ಮಾತ್ರ ನೋಡಿದರೆ ಸಾಲದು
(ಸಂಪಾದಕರ ಉತ್ತರ)

ಗೋಣಿಕೊಪ್ಪಲಿನ ಓದುಗರಿಗೆ ನಮಸ್ಕಾರ.

ಕೊಡಗಿನ ಹಂದಿಮಾಂಸದ ಅಡುಗೆ ಪಂದಿಕರಿಯ ಬಗ್ಗೆ ನಮ್ಮ ಲೇಖನ ಓದಿದ ಮೇಲೆ ಮುತ್ತಜ್ಜನ ನೆನಪಾಯಿತು ಎಂದು ಬರೆದಿದ್ದೀರಿ. ನೂರು ವರ್ಷದ ಹಿಂದೆ ಅವರು ವಿರಾಜಪೇಟೆಯ ಮಾಂಸದಂಗಡಿಯೊಂದರಲ್ಲಿ ಕಡಿಯುವ ಕೆಲಸಕ್ಕಿದ್ದರು. ಕೈಗೆ ಬರುತ್ತಿದ್ದ ದುಡ್ಡಿಗಿಂತ ಮನೆಗೆ ಬರುತ್ತಿದ್ದ ತಲೆ, ಕಾಲು, ಕರುಳೇ ಹೆಚ್ಚು ಎಂದು ನಿಮ್ಮ ಅಜ್ಜಿ ಹೇಳುತ್ತಿದ್ದರಂತೆ. ಅತ್ತ ಶಿಕಾಗೋದಲ್ಲಿ ಇದೇ ಕೆಲಸಕ್ಕೆ ಗಂಟೆಗೆ 50 ಸೆಂಟ್ ಸಿಗುತ್ತಿತ್ತೆಂದು ಓದಿ, "ಅಲ್ಲಿ ಕಸುಬಿಗೆ ಬೆಲೆ ಇತ್ತು, ನಮ್ಮಲ್ಲಿ ಇರಲಿಲ್ಲ, ಅಲ್ಲವೇ?" ಎಂದು ಕೇಳಿದ್ದೀರಿ.

ಆ 50 ಸೆಂಟ್ ಸುಳ್ಳಲ್ಲ. ಆದರೆ ಅದು ಯಾರಿಗೆ ಸಿಗುತ್ತಿತ್ತು ಎಂಬುದನ್ನು ನೋಡಬೇಕು. ಅರ್ಥಶಾಸ್ತ್ರಜ್ಞ ಜಾನ್ ಕಾಮನ್ಸ್ 1904ರಲ್ಲಿ ಅಲ್ಲಿನ ಕಸಾಯಿಖಾನೆಗಳ ಲೆಕ್ಕವನ್ನು ಬಿಡಿಸಿ ಬರೆದಿದ್ದಾರೆ. ಒಂದು ದನವನ್ನು ಕಡಿದು ಮುಗಿಸುವ ಕೆಲಸವನ್ನು ಮೂವತ್ತಕ್ಕೂ ಹೆಚ್ಚು ತುಂಡು ಮಾಡಿದ್ದರು. ಕೂಲಿಯಲ್ಲಿ 16 ಸೆಂಟಿನಿಂದ 50 ಸೆಂಟಿನವರೆಗೆ ಇಪ್ಪತ್ತು ದರ್ಜೆ. ಕತ್ತಿ ಸ್ವಲ್ಪ ಜಾರಿದರೂ ತೊಗಲು ಹಾಳಾಗುವ ಜಾಗದಲ್ಲಿ ಸುಲಿಯುವವನಿಗೆ ಮತ್ತು ಬೆನ್ನುಮೂಳೆಯನ್ನು ನೇರವಾಗಿ ಸೀಳುವವನಿಗೆ ಮಾತ್ರ 50 ಸೆಂಟ್. ಉಳಿದವರಲ್ಲಿ ಬಾಲ ಸುಲಿಯುವವನು ದಿನವಿಡೀ ಬಾಲವನ್ನೇ ಸುಲಿಯಬೇಕು. ಅವನ ಜಾಗಕ್ಕೆ ನಾಳೆ ಇನ್ನೊಬ್ಬನನ್ನು ನಿಲ್ಲಿಸಬಹುದು, ಹಾಗಾಗಿ ಕೂಲಿ ಹೆಚ್ಚಿಸುವ ಅಗತ್ಯ ಯಜಮಾನನಿಗೆ ಬೀಳುತ್ತಿರಲಿಲ್ಲ. ನಿಮ್ಮ ಮುತ್ತಜ್ಜನಿಗೆ ಹಂದಿಯ ಕೂದಲು ಸುಟ್ಟು ಕೆರೆಯುವುದರಿಂದ ಹಿಡಿದು ಗಿರಾಕಿ ಕೇಳಿದ ಅಳತೆಗೆ ತುಂಡು ಮಾಡುವವರೆಗೆ ಎಲ್ಲವೂ ಗೊತ್ತಿದ್ದಿರಬೇಕು. ಶಿಕಾಗೋದಲ್ಲಿ ಅಷ್ಟೂ ಬಲ್ಲವನು ಬೇಕಾಗಿಯೇ ಇರಲಿಲ್ಲ.

ಹೆಚ್ಚು ಕೂಲಿಯವರೂ ನೆಮ್ಮದಿಯಾಗಿರಲಿಲ್ಲ. ಕಾಮನ್ಸ್ ಕೊಟ್ಟ ಒಂದು ಲೆಕ್ಕ ನನ್ನನ್ನು ಬಹಳ ಕಾಡಿದೆ. 1884ರಲ್ಲಿ ಒಂದು ತಂಡದ ಐವರು ಬೆನ್ನುಮೂಳೆ ಸೀಳುವವರು ಹತ್ತು ಗಂಟೆಯಲ್ಲಿ 800 ದನ ಮುಗಿಸುತ್ತಿದ್ದರು. ತಲೆಗೆ ಗಂಟೆಗೆ 16 ದನ, ಕೂಲಿ 45 ಸೆಂಟ್. 1894ರ ಹೊತ್ತಿಗೆ ನಾಲ್ವರೇ 1,200 ಮುಗಿಸಬೇಕಾಯಿತು. ತಲೆಗೆ 30 ದನ, ಅಂದರೆ ಎರಡು ನಿಮಿಷಕ್ಕೊಂದು! ಕೂಲಿ ಮಾತ್ರ 40 ಸೆಂಟಿಗೆ ಇಳಿಯಿತು. ಈ ವೇಗ ಬಂದದ್ದು ಹೇಗೆಂದರೆ, ಚುರುಕಾದ ಕೆಲವರಿಗೆ ಕಾಯಂ ಸಂಬಳ ಕೊಟ್ಟು ಸಾಲಿನಲ್ಲಿ ಮುಖ್ಯ ಜಾಗಗಳಲ್ಲಿ ನಿಲ್ಲಿಸಿದರು. ಅವರು ಓಡಿದಂತೆ ಉಳಿದವರೂ ಓಡಲೇಬೇಕು. ಉಳಿದವರಿಗೆ ಕೆಲಸ ನಡೆದಷ್ಟು ಹೊತ್ತಿಗೆ ಮಾತ್ರ ಕೂಲಿ. ದನ ಬರುವುದು ತಡವಾದರೆ ಕಾಯುವುದು ಪುಕ್ಕಟೆ. ದಿನಗೂಲಿಯವರಂತೂ ಬೆಳಗಾಗುವ ಮುಂಚೆ ಗೇಟಿನ ಮುಂದೆ ಗುಂಪುಗೂಡಿ, ಯಾರನ್ನು ಕರೆಯುತ್ತಾರೋ ಎಂದು ನಿಲ್ಲಬೇಕಿತ್ತು.

ಇಷ್ಟಾದರೂ 1904ರ ಜುಲೈಯಲ್ಲಿ ನಡೆದದ್ದನ್ನು ಹೇಳದೆ ಇರಲಾರೆ. ಕುಶಲರಲ್ಲದವರ ಕೂಲಿಯನ್ನು ಗಂಟೆಗೆ 18.5 ಸೆಂಟಿನಿಂದ ಇಳಿಸಲು ಕಂಪನಿಗಳು ಹೊರಟಾಗ, ಹೆಚ್ಚು ಕೂಲಿ ಪಡೆಯುತ್ತಿದ್ದ ಕುಶಲರೂ ಕತ್ತಿ ಕೆಳಗಿಟ್ಟು ಹೊರಬಂದರು. ತಮಗಿಂತ ಕೆಳಗಿನವರ ಅನ್ನಕ್ಕಾಗಿ ಹೂಡಿದ ಮುಷ್ಕರ ಅದು. ಸೆಪ್ಟೆಂಬರಿನಲ್ಲಿ ಸೋತರು. ಎಂಟು ಗಂಟೆಯ ದಿನ ಸಿಕ್ಕಿದ್ದು 1918ರಲ್ಲಿ, ಯುದ್ಧಕಾಲದಲ್ಲಿ ನ್ಯಾಯಾಧೀಶ ಆಲ್ಶುಲರ್ ಕೊಟ್ಟ ತೀರ್ಪಿನಿಂದ. ಯುದ್ಧ ಮುಗಿದ ಮೇಲೆ ಮತ್ತೆ ಕೂಲಿ ಕಡಿತ. ಅದರ ವಿರುದ್ಧ 1921ರ ಕೊನೆಯಲ್ಲಿ ಹೂಡಿದ ಮುಷ್ಕರವೂ ಮರುವರ್ಷ ಮುರಿದುಬಿತ್ತು. ಈ ನಡುವೆ 1906ರಲ್ಲಿ ಮಾಂಸ ತಪಾಸಣೆಗೆ ಕಾನೂನು ಬಂದಿತ್ತು. ತಿನ್ನುವವರ ಹೊಟ್ಟೆ ಕಾಯುವ ಕಾನೂನು ಅದು, ಕಡಿಯುವವರ ಕೈ ಕಾಯುವುದಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಮ್ಮ ಕಡೆಗೆ ಬರೋಣ. ಆಗ ಕೊಡಗು ಚೀಫ್ ಕಮಿಷನರ್ ಆಳ್ವಿಕೆಯಲ್ಲಿದ್ದ ಬ್ರಿಟಿಷ್ ಪ್ರಾಂತ್ಯ. 1922ರಲ್ಲಿ ತಿದ್ದಿದ ಕಾರ್ಖಾನೆ ಕಾಯಿದೆ ವಾರಕ್ಕೆ 60 ಗಂಟೆಯ ಮಿತಿ ಹಾಕಿತ್ತು, ಆದರೆ ಅದರ ಕಣ್ಣು ಯಂತ್ರಶಕ್ತಿ ಬಳಸುವ, 20 ಜನಕ್ಕೆ ಕಡಿಮೆಯಿಲ್ಲದ ಕಾರ್ಖಾನೆಗಳ ಮೇಲೆ. ಕೆಲಸದಲ್ಲಿ ಗಾಯಗೊಂಡವರಿಗೆ ಪರಿಹಾರ ಕೊಡಿಸುವ 1923ರ ಕಾಯಿದೆ ಕಾರ್ಖಾನೆ, ಗಣಿ, ರೈಲ್ವೆಯಂಥ ಕೆಲಸಗಳಿಗೆ. ಇಬ್ಬರು ಮೂವರು ಸೇರಿ ನಡೆಸುವ ಮಾಂಸದಂಗಡಿಯಲ್ಲಿ ಬೆರಳು ಹೋದರೆ ಕೇಳುವವರೇ ಇಲ್ಲ. ಗಾಯ ಕೀವು ಕಟ್ಟಿದರೆ ಪೆನಿಸಿಲಿನ್ ಕೂಡ ಇರಲಿಲ್ಲ, ಅದು ಪತ್ತೆಯಾದದ್ದೇ 1928ರಲ್ಲಿ.

ನಿಮ್ಮ ಅಜ್ಜಿ ಹೇಳಿದ ತಲೆ, ಕಾಲು, ಕರುಳಿನ ಮಾತು ಇಲ್ಲಿ ಬಹಳ ಮುಖ್ಯ. ಫ್ರಿಜ್ ಇಲ್ಲದ ಕಾಲ, ಅಂದಿನ ಮಾಂಸ ಅಂದೇ ಮಾರಬೇಕು. ಉಳಿದದ್ದನ್ನು ಆಳಿಗೆ ಕೊಟ್ಟರೆ ಅಂಗಡಿಯವನಿಗೆ ದುಡ್ಡು ಬಿಚ್ಚುವ ಗೋಜಿಲ್ಲ. ಆಳಿನ ಮನೆಯಲ್ಲಿ ಅಂದು ಸಾರು ಆಗುತ್ತದೆ ನಿಜ, ಆದರೆ ಉಪ್ಪು, ಬಟ್ಟೆ, ಸೀಮೆಎಣ್ಣೆ ಕರುಳು ಕೊಟ್ಟರೆ ಬರುವುದಿಲ್ಲ. ವ್ಯಾಪಾರವಾಗದೆ ಉಳಿದ ಮಾಲಿನ ನಷ್ಟವನ್ನು ಕೂಲಿಯ ಹೆಸರಿನಲ್ಲಿ ಆಳಿಗೇ ದಾಟಿಸುವ ಪದ್ಧತಿ ಇದು. ಶಿಕಾಗೋದ ಗೇಟಿನಲ್ಲಿ ಪುಕ್ಕಟೆ ಕಾದವನ ಮೇಲೆ ಬಿದ್ದದ್ದೂ ಯಜಮಾನನ ನಷ್ಟವೇ. ಹಾಗಾಗಿ ಅಲ್ಲಿ ಬೆಲೆ ಇತ್ತು, ಇಲ್ಲಿ ಇರಲಿಲ್ಲ ಎಂದು ನಾನು ಒಪ್ಪಲಾರೆ. ಎರಡೂ ಕಡೆ ಕೆಲಸಗಾರನ ಹೊತ್ತನ್ನು ಬಿಟ್ಟಿಯಾಗಿ ಬಳಸಿಕೊಂಡರು.

ನಿಮ್ಮಲ್ಲಿ ಒಂದು ಕೋರಿಕೆ. ಅಂಗಡಿ ಎಷ್ಟು ಹೊತ್ತಿಗೆ ತೆರೆಯುತ್ತಿದ್ದರು, ಹುತ್ತರಿ, ಕೈಲ್‌ಪೊಳ್ದ್ ಹಬ್ಬದ ದಿನಗಳಲ್ಲಿ ಹೆಚ್ಚಿನ ಕೆಲಸಕ್ಕೆ ಏನು ಕೊಡುತ್ತಿದ್ದರು, ಮುಂಗಡ ಕೊಟ್ಟು ಕಟ್ಟಿಹಾಕುತ್ತಿದ್ದರೇ, ಕತ್ತಿ ಯಾರದ್ದು: ಮನೆಯ ಹಿರಿಯರಿಗೆ ನೆನಪಿರುವಷ್ಟನ್ನು ಅವರ ಮಾತಿನಲ್ಲೇ ಬರೆದು ಕಳಿಸಿ. ಮಡಿಕೇರಿ, ಸೋಮವಾರಪೇಟೆ, ಕುಶಾಲನಗರದ ಓದುಗರಲ್ಲೂ ಇದನ್ನೇ ಕೇಳುತ್ತಿದ್ದೇನೆ. ಬಂದದ್ದನ್ನೆಲ್ಲ ಮೊಟಕು ಮಾಡದೆ ಅಚ್ಚು ಹಾಕುತ್ತೇವೆ.

– ಸಂಪಾದಕ