ಹಾಜರಿ ಬಿಟ್ಟು ಬೇರೇನ್ ಬರ್ಕೋಬೇಕು ಅಂತ ಕೇಳಿದ್ರಲ್ಲ
ಶಿಡ್ಲಘಟ್ಟದ ನಿಮ್ಮ ಯುವಕರ ಸೆಂಟರ್‌ಗೆ ದುಡ್ಡು ಕೊಡೋರು ಬರೀ ಹಾಜರಿ ಸಾಲದು, ಬದಲಾವಣೆ ತೋರ್ಸಿ ಅಂತಿದಾರೆ ಅಂದ್ರಲ್ಲ, ಅವ್ರು ಕೇಳ್ತಿರೋದು ನ್ಯಾಯಾನೇ. ಎಷ್ಟು ಜನ ಬಂದ್ರು ಅನ್ನೋದು ನಿಮ್ ಕೆಲ್ಸದ ಲೆಕ್ಕ, ಬಂದೋರಿಗೆ ಏನಾಯ್ತು ಅನ್ನೋದೇ ಬೇರೆ. ಮೊದ್ಲು ಗುಂಪು ಚಿಕ್ಕದ್ ಮಾಡ್ಕೊಳಿ, 2014ರ ರಾಷ್ಟ್ರೀಯ ಯುವ ನೀತಿಲಿ ಯುವಜನ ಅಂದ್ರೆ 15ರಿಂದ 29 ವರ್ಷ, ಅಷ್ಟೂ ಜನಕ್ಕೆ ಒಂದೇ ಅಳತೆ ಹಾಕಕ್ಕಾಗಲ್ಲ. ಎಸ್ಸೆಸ್ಸೆಲ್ಸಿ ಫೇಲಾಗಿ ರೇಷ್ಮೆ ರೀಲಿಂಗ್ ಕೆಲ್ಸಕ್ಕೆ ಹೋಗ್ತಿರೋ ಹುಡುಗ್ರು ಅಂದ್ಕೊಳಿ, ಸೇರಿದ ವಾರಾನೇ ಒಬ್ಬೊಬ್ಬರನ್ನ ಕೂರಿಸ್ಕೊಂಡು ಯಾವ ಸಬ್ಜೆಕ್ಟ್ ಬಾಕಿ, ಬ್ಯಾಂಕಲ್ಲಿ ಚಲನ್ ಒಬ್ನೇ ತುಂಬ್ತಾನಾ, ಕಷ್ಟ ಬಂದ್ರೆ ಯಾರ್ ಹತ್ರ ಹೇಳ್ಕೋತಾನೆ ಅಂತ ಬರ್ಕೊಳಿ. ಆರು ತಿಂಗ್ಳಾದ್ಮೇಲೆ ಅದೇ ಪ್ರಶ್ನೆಗಳು, ಒಂದಕ್ಷರಾನೂ ಬದಲಾಯಿಸ್ದೆ. ಮಧ್ಯದಲ್ಲಿ ಬಿಟ್ಟೋದೋರ್ಗೂ ಫೋನ್ ಮಾಡಿ, ಉಳ್ಕೊಂಡೋರನ್ನ ಮಾತ್ರ ಎಣಿಸಿದ್ರೆ ರಿಪೋರ್ಟ್ ನೋಡಕ್ ಚೆನ್ನಾಗಿರತ್ತೆ ಅಷ್ಟೇ.